ಫೈಬರ್ ದೋಣಿಗೆ ತೂತು ಹಾಕದೆ ರಾಡ್ ಹೋಲ್ಡರ್, ಫಿಶ್ ಫೈಂಡರ್ ಎಲ್ಲ ಕೂರಿಸೋದು ಹೇಗೆ

ಕುಂದಾಪುರದ ಪಂಚಗಂಗಾವಳಿ ಹಿನ್ನೀರಲ್ಲಿ ಗಾಳ ಹಾಕ್ಲಿಕ್ಕೆ ಅಂತ ನನ್ನ ಹತ್ರ 14 ಅಡಿಯ ಒಂದು ಫೈಬರ್ ದೋಣಿ ಉಂಟು, ಹಿಂದೆ 5 ಎಚ್‌ಪಿ ಔಟ್‌ಬೋರ್ಡ್ ಇಂಜಿನ್. ತಗೊಂಡ ಮೊದಲ ವರ್ಷವೇ ಫಿಶ್ ಫೈಂಡರ್, ಅಂದ್ರೆ ಶಬ್ದದ ಅಲೆ ಕಳಿಸಿ ನೀರಿನ ಆಳ, ಮೀನು ತೋರಿಸುವ ಯಂತ್ರ, ಕೂರಿಸ್ಬೇಕು ಅಂತ ಟ್ರಾನ್ಸಮ್‌ಗೆ, ಅಂದ್ರೆ ಇಂಜಿನ್ ಕೂರುವ ಹಿಂಬದಿ ಹಲಗೆಗೆ, ನೀರಿನ ಮಟ್ಟಕ್ಕಿಂತ ಕೆಳಗೆ ನಾಲ್ಕು ತೂತು ಹಾಕಿದೆ. ಸ್ಕ್ರೂ ಬಿಗಿ ಮಾಡಿ ಮೇಲೆ ಸಿಲಿಕಾನ್ ಬಳಿದೆ, ಒಂದು ಹನಿ ನೀರು ಒಳಗೆ ಬರ್ಲಿಲ್ಲ, ಹಾಗಾಗಿ ಎಲ್ಲ ಸರಿ ಉಂಟು ಅಂತ ತಿಳ್ಕೊಂಡೆ. ಎರಡು ಮಳೆಗಾಲ ಕಳೆದ ಮೇಲೆ ಆ ಸ್ಕ್ರೂ ಬರೀ ಕೈಯಲ್ಲೇ ತಿರುಗ್ಲಿಕ್ಕೆ ಶುರು ಆಯ್ತು, ತೆಗೆದು ನೋಡಿದ್ರೆ ತೂತಿನಿಂದ ಟೀ ಡಿಕಾಕ್ಷನ್ ಬಣ್ಣದ ನೀರು ಸಣ್ಣಗೆ ಇಳೀತಾ ಬಂತು, ಕೊಳೆತ ಮರದ ವಾಸನೆ. ಒಳಗಿನ ಪ್ಲೈವುಡ್ ಹೋಗಿತ್ತು. ಟ್ರಾನ್ಸಮ್ ಪೂರ್ತಿ ಬಿಚ್ಚಿ ಹೊಸ ಪ್ಲೈ ಹಾಕಿಸ್ಬೇಕಾಯ್ತು. ಅಲ್ಲಿಂದ ಈ ದೋಣಿಯ ಮೈಗೆ ನಾನು ಡ್ರಿಲ್ ಮುಟ್ಟಿಸ್ಲಿಲ್ಲ, ಆದ್ರೆ ರಾಡ್ ಹೋಲ್ಡರ್, ಫಿಶ್ ಫೈಂಡರ್, ಬ್ಯಾಟರಿ, ಲೈಟ್, ಫೋನ್ ಸ್ಟ್ಯಾಂಡ್ ಎಲ್ಲವೂ ಉಂಟು. ಹೇಗೆ ಮಾಡಿದೆ ಅಂತ ಬರೀತೇನೆ.

ಮೊದ್ಲು ತೂತು ಯಾಕೆ ಬೇಡ ಅನ್ನೋದು ಸರಿಯಾಗಿ ಅರ್ಥ ಆಗ್ಬೇಕು. ಹೆಬ್ಬಲಸಿನ ಮರದ ದೋಣಿ ಇದ್ದ ಕಾಲದಲ್ಲಿ ಎಲ್ಲಿ ಬೇಕಾದ್ರೂ ಮೊಳೆ ಹೊಡೆದು, ವರ್ಷಕ್ಕೊಮ್ಮೆ ಮೀನೆಣ್ಣೆಯೋ ಗೇರು ಎಣ್ಣೆಯೋ ಹಚ್ಚಿ ನಡೆಸ್ತಿದ್ರು, ಫೈಬರ್ ಹಾಗಲ್ಲ. ಹೊರಗೆ ಕಾಣುವ ನುಣುಪಾದ ಬಣ್ಣದ ಪದರ ಜೆಲ್‌ಕೋಟ್, ಅದು ದಪ್ಪದಲ್ಲಿ ಹೆಚ್ಚು ಕಡಿಮೆ ಅರ್ಧ ಮಿಲಿಮೀಟರ್ ಮಾತ್ರ, ನೀರು ತಡೆಯುವ ಮುಖ್ಯ ಕೆಲಸ ಅದರದ್ದೇ. ಅದರ ಹಿಂದೆ ರೆಸಿನ್‌ನಲ್ಲಿ, ಅಂದ್ರೆ ಆಮೇಲೆ ಗಟ್ಟಿ ಆಗುವ ಅಂಟುದ್ರವದಲ್ಲಿ, ನೆನೆದ ಗಾಜಿನ ನಾರಿನ ಹಾಸು (ಗ್ಲಾಸ್ ಮ್ಯಾಟ್), ಕೆಲವು ಕಡೆ ಮಧ್ಯದಲ್ಲಿ ಪ್ಲೈವುಡ್ ಅಥವಾ ಫೋಮ್. ತೂತು ಹಾಕಿದ್ರೆ ನೀರು ದೋಣಿ ಒಳಗೆ ಬರೋದು ದೊಡ್ಡ ಸಮಸ್ಯೆ ಅಲ್ಲ, ಬಂದ್ರೆ ಕಾಣ್ತದೆ, ಬಳಿದು ಹಾಕ್ಬಹುದು. ಪದರಗಳ ಮಧ್ಯಕ್ಕೆ ಇಳಿಯುವ ನೀರೇ ನಿಜವಾದ ಶತ್ರು, ಅದು ಕಣ್ಣಿಗೆ ಕಾಣೋದಿಲ್ಲ, ಒಣಗೋದೂ ಇಲ್ಲ.

ತೂತಿನ ಬದ್ಲು ಅಂಟಿಸುವ ಅಂತ ಗಮ್ ತರ್ಲಿಕ್ಕೆ ಅಂಗಡಿಗೆ ಓಡುವ ಮುಂಚೆ ದೋಣಿಯಲ್ಲಿ ಈಗಾಗ್ಲೇ ಇರುವ ತೂತುಗಳನ್ನು ಎಣಿಸಿ. ಸುಮಾರು ಜನ ಇದನ್ನು ನೋಡೋದೇ ಇಲ್ಲ. ಅಂಚಿನ ರಬ್ಬರ್ ಪಟ್ಟಿ ಹಿಡಿದಿರುವ ಸ್ಕ್ರೂಗಳು, ಕೈಹಿಡಿಯ ಬೋಲ್ಟ್, ಮೂತಿಯ ಕೊಂಡಿ, ಎಲ್ಲ ಕಂಪನಿಯವರೇ ಅಥವಾ ದೋಣಿ ಕಟ್ಟಿದವರೇ ಹಾಕಿ ಸೀಲ್ ಮಾಡಿದ ಜಾಗ. ಕೈಹಿಡಿಯ ಬೋಲ್ಟ್ ತೆಗೆದು ಅದೇ ದಪ್ಪದ, ಒಂದು ಇಂಚು ಉದ್ದ ಜಾಸ್ತಿ ಇರುವ ಸ್ಟೇನ್‌ಲೆಸ್ ಬೋಲ್ಟ್ ಹಾಕಿದ್ರೆ ಅಲ್ಲೇ ಒಂದು ಬ್ರಾಕೆಟ್ ಕೂರ್ತದೆ, ವಾಪಸ್ ಹಾಕುವಾಗ ಹೊಸ ಸೀಲಂಟ್ ಹಚ್ಚೋದು ಮರೀಬೇಡಿ ಅಷ್ಟೇ. ಉಪ್ಪುನೀರಿಗೆ 316 ಗ್ರೇಡ್ ಸ್ಟೀಲೇ ಆಗ್ಬೇಕು, 304 ಹಾಕಿದ್ರೆ ಕೆಲವು ತಿಂಗಳಲ್ಲೇ ಕಂದು ಕಲೆ ಬರ್ತದೆ. ಮರದ ಸೀಟ್ ಹಲಗೆ ಇದ್ರೆ ಅದಕ್ಕೆ ಸ್ಕ್ರೂ ಹಾಕ್ಲಿಕ್ಕೆ ಅಡ್ಡಿ ಇಲ್ಲ, ಆದ್ರೆ ಫೈಬರ್‌ನದ್ದೇ ಪೆಟ್ಟಿಗೆ ಥರದ ಸೀಟ್ ಆದ್ರೆ ದಯವಿಟ್ಟು ಬೇಡ. ಅದು ಸೀಟ್ ಮಾತ್ರ ಅಲ್ಲ, ದೋಣಿ ಮಗುಚಿದ್ರೆ ತೇಲಿಸ್ಲಿಕ್ಕೆ ಇರುವ ಗಾಳಿ ಅಥವಾ ಫೋಮ್ ತುಂಬಿದ ಕೋಣೆ, ಅದರಲ್ಲಿ ತೂತು ಅಂದ್ರೆ ಜೀವದ ಪ್ರಶ್ನೆ.

ಇನ್ನು ಎಲ್ಲಕ್ಕಿಂತ ಮುಖ್ಯವಾದದ್ದು. ಯಾವ ಸಾಮಾನು ಯಾವ ಕಡೆಗೆ ಎಳೀತದೆ ಅಂತ ನೋಡಿ ಆಮೇಲೆ ವಿಧಾನ ಆರಿಸ್ಬೇಕು. ಗಮ್‌ಗೆ ಪಕ್ಕಕ್ಕೆ ಜಾರಿಸುವ ಎಳೆತ ತಡ್ಕೊಳ್ಳುವ ಶಕ್ತಿ ತುಂಬ ಉಂಟು, ಆದ್ರೆ ಒಂದು ಮೂಲೆಯಿಂದ ಬಾಳೆಸಿಪ್ಪೆ ಸುಲಿದ ಹಾಗೆ ಎತ್ತಿದ್ರೆ ಅದೇ ಗಮ್ ಸುಲಭದಲ್ಲಿ ಬಿಡ್ತದೆ. ರಾಡ್ ಹೋಲ್ಡರ್ ಲೆಕ್ಕ ಹಾಕಿ ನೋಡಿ. ಮೀನು ಎಳೆಯೋದು ಬರೀ 5 ಕೆಜಿ ಜೋರಲ್ಲಿ ಅಂತಿಟ್ಕೊಳ್ಳಿ, ರಾಡ್ ತುದಿ ಹೋಲ್ಡರ್‌ನಿಂದ 2 ಮೀಟರ್ ದೂರ, ಹೋಲ್ಡರ್‌ನ ಬುಡ 10 ಸೆಂಟಿಮೀಟರ್ ಅಗಲ. ಹಾರೆಯಲ್ಲಿ ಕಲ್ಲು ಎಬ್ಬಿಸಿದ ಹಾಗೆ ಆಗಿ ಬುಡದ ಅಂಚಲ್ಲಿ ಮೇಲಕ್ಕೆ ಎತ್ತುವ ಜೋರು 100 ಕೆಜಿ ಹತ್ರ ಬರ್ತದೆ! ಕೆಂಬೇರಿ ಮೀನು ಕಚ್ಚಿ ದಡದ ಗಿಡಗಳ ಬೇರಿನ ಒಳಗೆ ನುಗ್ಗುವಾಗ ಅದು ಮೆಲ್ಲಗೆ ಎಳೆಯೋದೂ ಇಲ್ಲ, ಒಂದೇ ಸಲ ಜಗ್ತದೆ. ಹಾಗಾಗಿ ರಾಡ್ ಹೋಲ್ಡರನ್ನು ನೇರವಾಗಿ ದೋಣಿ ಮೈಗೆ ಅಂಟಿಸುವ ಕೆಲಸಕ್ಕೆ ನಾನು ಹೋಗೋದೇ ಇಲ್ಲ, ಎಷ್ಟು ದುಬಾರಿ ಗಮ್ ಆದ್ರೂ.

ಅದರ ಬದ್ಲು ಅಡ್ಡ ಹಲಗೆ. ದೋಣಿಯ ಎರಡು ಅಂಚಿನ ಮೇಲೆ ಅಡ್ಡಕ್ಕೆ ಕೂರುವಷ್ಟು ಉದ್ದದ, ಒಂದು ಗೇಣು ಅಗಲದ 18 ಎಂಎಂ ಮರೈನ್ ಪ್ಲೈ ತಗೊಳ್ಳಿ, ಮೇಲೆ ಐಎಸ್ 710 ಅಂತ ಮಾರ್ಕ್ ಇರ್ಬೇಕು. ಎರಡೂ ತುದಿಯ ಅಡಿಯಲ್ಲಿ, ದೋಣಿ ಅಂಚಿನ ಒಳಬದಿಗೆ ತಾಗಿ ನಿಲ್ಲುವ ಹಾಗೆ ಒಂದೊಂದು ಮರದ ತುಂಡು ಸ್ಕ್ರೂ ಮಾಡಿ, ಆಗ ಹಲಗೆ ಪಕ್ಕಕ್ಕೆ ಸರಿಯೋದಿಲ್ಲ. ತುದಿಗೆ ಒಂದೊಂದು ಜಿ ಕ್ಲಾಂಪ್ ಅಥವಾ ಅಂಚಿನ ಅಡಿಯಿಂದ ತಿರುಗಿಸಿ ಬಿಗಿ ಮಾಡುವ ಮರದ ಬಿರಟೆ, ಕ್ಲಾಂಪ್ ತಾಗುವಲ್ಲಿ ಹಳೇ ಸೈಕಲ್ ಟ್ಯೂಬ್ ತುಂಡು ಇಡಿ, ಇಲ್ಲಾಂದ್ರೆ ಜೆಲ್‌ಕೋಟ್ ಬಿರುಕು ಬಿಡ್ತದೆ. ಈಗ ಈ ಹಲಗೆಗೆ ಎಷ್ಟು ಬೇಕೋ ಅಷ್ಟು ತೂತು ಹಾಕಿ, ಒಂದೂವರೆ ಇಂಚು ಪಿವಿಸಿ ಪೈಪ್‌ನ ಹೋಲ್ಡರ್ ನಾಲ್ಕು ಕೂರಿಸಿ, ಫಿಶ್ ಫೈಂಡರ್ ಸ್ಕ್ರೀನ್, ಕಪ್ ಹೋಲ್ಡರ್, ಫೋನ್ ಸ್ಟ್ಯಾಂಡ್ ಎಲ್ಲ ಅದರ ಮೇಲೇ. ಮೀನು ಎಷ್ಟು ಎಳೆದ್ರೂ ಎರಡು ಅಂಚು ಸೇರಿ ತಡ್ಕೊಳ್ತದೆ. ದಡಕ್ಕೆ ಬಂದ ಮೇಲೆ ಕ್ಲಾಂಪ್ ಸಡಿಲ ಮಾಡಿ ಪೂರ್ತಿ ಹಲಗೆ ಹೆಗಲ ಮೇಲೆ ಹಾಕ್ಕೊಂಡು ಮನೆಗೆ ಹೋಗ್ಬಹುದು, ಕಳ್ಳರ ಭಯವೂ ಇಲ್ಲ. ನಿಜ ಹೇಳ್ಬೇಕಂದ್ರೆ ಇದೊಂದು ಹಲಗೆ ಮಾಡ್ಕೊಂಡ್ರೆ ನಿಮ್ಮ ಮುಕ್ಕಾಲು ಕೆಲಸ ಮುಗೀತು.

ಆದ್ರೂ ಕೆಲವು ಸಾಮಾನು ದೋಣಿಯ ಮೈಗೇ ಬೇಕಾಗ್ತದೆ. ಬ್ಯಾಟರಿ ಕಟ್ಲಿಕ್ಕೆ ಕೊಂಡಿ, ತಳದಲ್ಲಿ ನಿಂತ ನೀರು ಹೊರಗೆ ಹಾಕುವ ಬಿಲ್ಜ್ ಪಂಪ್, ವಯರ್ ಕ್ಲಿಪ್, ಹುಟ್ಟು ಸಿಕ್ಕಿಸ್ಲಿಕ್ಕೆ ಹಿಡಿ, ಇಂಥದ್ದು. ಇದಕ್ಕೆ ಪ್ಯಾಡ್ ವಿಧಾನ. ದೋಣಿಗೆ ಒಂದು ಪ್ಲೈ ತುಂಡು ಅಂಟಿಸಿ, ಸಾಮಾನನ್ನು ಆ ತುಂಡಿಗೆ ಬಿಗಿಯೋದು. ಕೇಳ್ಲಿಕ್ಕೆ ಸಿಂಪಲ್, ಆದ್ರೆ ಇಲ್ಲಿ ಗಮ್‌ಗಿಂತ ಅಂಟಿಸುವ ಜಾಗದ ಮೈ ತಯಾರಿ ದೊಡ್ಡದು.

ನಾನು ಮೊದಲ ಸಲ ಅಂಟಿಸಿದ ಪ್ಯಾಡ್ ಒಂದು ತಿಂಗಳಿಗೇ ಕಿತ್ತು ಬಂತು. ತಿರುಗಿಸಿ ನೋಡಿದ್ರೆ ಗಮ್‌ಗೆ ಎಂತ ಸಹ ಆಗಿರ್ಲಿಲ್ಲ, ಅದರ ಬೆನ್ನಿಗೆ ಅಂಗೈ ಅಗಲದ ನೀಲಿ ಪೇಂಟ್ ಸಿಪ್ಪೆ ಚೊಕ್ಕವಾಗಿ ಅಂಟ್ಕೊಂಡೇ ಇತ್ತು. ಗಮ್ ಪೇಂಟನ್ನು ಗಟ್ಟಿಯಾಗಿ ಹಿಡಿದಿತ್ತು, ಪೇಂಟ್ ದೋಣಿಯನ್ನು ಹಿಡಿದಿರ್ಲಿಲ್ಲ. ಹಾಗಾಗಿ ಪೇಂಟ್ ಇದ್ದಲ್ಲಿ ಪೂರ್ತಿ ಕೆರೆದು ಫೈಬರ್ ಕಾಣುವ ತನಕ ಹೋಗ್ಬೇಕು. ಪೇಂಟ್ ಇಲ್ಲದಿದ್ರೂ ಮೇಣ ಇರ್ತದೆ, ಅಚ್ಚಿನಿಂದ ದೋಣಿ ಬಿಡಿಸ್ಲಿಕ್ಕೆ ಹಾಕಿದ ವ್ಯಾಕ್ಸ್ ಹೊರಬದಿಯಲ್ಲಿ, ರೆಸಿನ್ ಒಣಗ್ಲಿಕ್ಕೆ ಅಂತ ಕೊನೇ ಕೋಟ್‌ಗೆ ಬೆರೆಸಿದ ವ್ಯಾಕ್ಸ್ ಒಳಬದಿಯಲ್ಲಿ. ಮೊದ್ಲು ಸೋಪ್ ನೀರಲ್ಲಿ ತೊಳೆದು ಉಪ್ಪು ತೆಗೀರಿ, ಒಣಗಿದ ಮೇಲೆ ಅಸಿಟೋನ್ ಹಾಕಿದ ಬಿಳಿ ಕಾಟನ್ ಬಟ್ಟೆಯಲ್ಲಿ ಒರೆಸಿ, ಹಿಂದೆಯೇ ಇನ್ನೊಂದು ಒಣ ಬಟ್ಟೆಯಲ್ಲಿ ಒರೆಸಿ, ಒಂದೇ ಬಟ್ಟೆಯಲ್ಲಿ ಉಜ್ಜಿದ್ರೆ ಮೇಣವನ್ನು ಅತ್ತಿಂದಿತ್ತ ಹರಡಿದ ಹಾಗೆ ಆಗ್ತದೆ. ಇಷ್ಟಾದ ಮೇಲೆಯೇ 80 ನಂಬರ್ ಸ್ಯಾಂಡ್‌ಪೇಪರಲ್ಲಿ ಉಜ್ಜಬೇಕು. ಉಲ್ಟಾ ಮಾಡಿ ಮೊದ್ಲೇ ಉಜ್ಜಿದ್ರೆ ಮೇಣ ಗೀರುಗಳ ಒಳಗೆ ಹೋಗಿ ಕೂರ್ತದೆ. ಹೊಳಪು ಒಂಚೂರೂ ಉಳೀಬಾರ್ದು, ಪೂರ್ತಿ ಮಂಕಾಗ್ಬೇಕು. ಮತ್ತೆ ಧೂಳು ತೆಗೆದು ಅಸಿಟೋನ್. ಸರಿ ಆಗಿದ್ಯಾ ಅಂತ ನೋಡ್ಲಿಕ್ಕೆ ಸ್ವಲ್ಪ ಶುದ್ಧ ನೀರು ಚಿಮುಕಿಸಿ, ನೀರು ಕೆಸುವಿನ ಎಲೆ ಮೇಲೆ ನಿಂತ ಹಾಗೆ ಮಣಿಮಣಿಯಾದ್ರೆ ಮೇಣ ಇನ್ನೂ ಉಂಟು, ತೆಳುವಾಗಿ ಹರಡ್ಕೊಂಡ್ರೆ ಮೈ ತಯಾರು. ಆಮೇಲೆ ಪೂರ್ತಿ ಒಣಗಿಸಿ, ಬೆರಳು ತಾಗಿಸ್ಬೇಡಿ, ಕೈಯ ಎಣ್ಣೆ ಸಾಕು ಎಲ್ಲ ಹಾಳು ಮಾಡ್ಲಿಕ್ಕೆ. ಉಜ್ಜುವಾಗ ಮಾಸ್ಕ್, ಕನ್ನಡಕ, ಪೂರ್ತಿ ತೋಳಿನ ಅಂಗಿ ಬೇಕೇ ಬೇಕು, ಆ ಗ್ಲಾಸ್ ಧೂಳು ಶ್ವಾಸಕೋಶಕ್ಕೆ ಹೋಗ್ಬಾರ್ದು. ಕೆಲವರು ಅಸಿಟೋನ್ ಸಿಗ್ಲಿಲ್ಲ ಅಂತ ಪೆಟ್ರೋಲ್, ಸೀಮೆಎಣ್ಣೆಯಲ್ಲಿ ಒರೆಸ್ತಾರೆ, ಅದು ತಾನೇ ಎಣ್ಣೆ ಪದರ ಬಿಟ್ಟು ಹೋಗ್ತದೆ, ಬೇಡ.

ಗಮ್ ಯಾವ್ದು? ಎರಡೇ ನನಗೆ ಗೊತ್ತಿರುವ ನಂಬುವಂಥದ್ದು. ಒಂದು ರೆಸಿನ್, ಹಾರ್ಡನರ್ ಎರಡು ಕಲಸಿ ಬಳಸುವ ಎಪಾಕ್ಸಿ, ಇನ್ನೊಂದು ಪಿಯು (ಪಾಲಿಯುರೆಥೇನ್) ಸೀಲಂಟ್, ಅಂದ್ರೆ ಸಿಕಾಫ್ಲೆಕ್ಸ್, 3ಎಂ 5200 ಈ ಥರದ್ದು. ಎಪಾಕ್ಸಿ ಕಲ್ಲಿನ ಹಾಗೆ ಗಟ್ಟಿ, ಪಿಯು ರಬ್ಬರ್ ಹಾಗೆ, ಅದುರುವ ಜಾಗಕ್ಕೆ ಒಳ್ಳೇದು. ಪಿಯು ಗಾಳಿಯ ತೇವದಿಂದಲೇ ಗಟ್ಟಿ ಆಗೋದು, ಅದೂ ಅಂಚಿನಿಂದ ಒಳಗೆ ದಿನಕ್ಕೆ ಹೆಚ್ಚು ಕಡಿಮೆ 3 ಮಿಲಿಮೀಟರ್ ಮಾತ್ರ, ಹಾಗಾಗಿ ಅಗಲದ ಪ್ಯಾಡ್ ಅಡಿಯಲ್ಲಿ ಹಾಕಿದ್ರೆ ಎರಡು ಮೂರು ವಾರವಾದ್ರೂ ಬಿಡ್ಬೇಕು, ಮರುದಿನ ನೀರಿಗಿಳಿಸಿ ಬೈಬಾರ್ದು. ಒತ್ತುವಾಗ ಎಲ್ಲ ಹೊರಗೆ ಬರುವಷ್ಟು ಒತ್ಬೇಡಿ, 2 ಎಂಎಂ ಪದರ ಉಳಿದ್ರೆ ಮಾತ್ರ ಅದಕ್ಕೆ ರಬ್ಬರ್‌ನ ಗುಣ. ಇನ್ನೊಂದು ಮಾತು, 5200 ಅಂಥದ್ದು ಹಾಕಿದ್ರೆ ಮುಂದೆ ತೆಗೆಯೋದು ತುಂಬ ಕಷ್ಟ, ಜೆಲ್‌ಕೋಟ್ ಸಮೇತ ಕಿತ್ತು ಬರ್ತದೆ. ಸಿಲಿಕಾನ್ ಮಾತ್ರ ಎಲ್ಲಿಯೂ ಬೇಡವೇ ಬೇಡ, ಹಿಡಿತವೂ ಕಮ್ಮಿ, ಒಮ್ಮೆ ಹಚ್ಚಿದ ಜಾಗದಲ್ಲಿ ಆಮೇಲೆ ಬೇರೆ ಯಾವ ಗಮ್ಮೂ ಪೇಂಟೂ ಸರಿಯಾಗಿ ಕೂರೋದಿಲ್ಲ.

ದೋಣಿ ಕಟ್ಟುವವರು ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಆದ್ರೆ ಅದು ಗಟ್ಟಿಯಾದ ಹಳೇ ಫೈಬರ್ ಮೇಲೆ ಎಪಾಕ್ಸಿಯಷ್ಟು ಹಿಡಿಯೋದಿಲ್ಲ, ಸಣ್ಣ ಪ್ಯಾಡ್‌ಗೆ ನಾಲ್ಕು ಕಾಸು ಜಾಸ್ತಿ ಆದ್ರೂ ಎಪಾಕ್ಸಿಯೇ ತಗೊಳ್ಳಿ. ಪಾಲಿಯೆಸ್ಟರೇ ಬಳಸುವವರು ಇದೊಂದು ಕೇಳಿ, ರೆಸಿನ್ ಗಟ್ಟಿ ಮಾಡುವ ಕ್ಯಾಟಲಿಸ್ಟ್ ಮತ್ತೆ ಅದನ್ನು ಚುರುಕು ಮಾಡುವ ಕೋಬಾಲ್ಟ್ ಆಕ್ಸಿಲರೇಟರ್ ಎರಡನ್ನು ಯಾವತ್ತೂ ನೇರ ಒಂದಕ್ಕೊಂದು ಸೇರಿಸ್ಬೇಡಿ, ಬೆಂಕಿ ಹತ್ತಿ ಸ್ಫೋಟ ಆಗುವ ವಸ್ತು ಅದು. ಒಂದನ್ನು ರೆಸಿನ್‌ಗೆ ಪೂರ್ತಿ ಕಲಸಿದ ಮೇಲೆಯೇ ಇನ್ನೊಂದು. ಕ್ಯಾಟಲಿಸ್ಟ್ ಕಣ್ಣಿಗೆ ಹಾರಿದ್ರೆ ದೃಷ್ಟಿಯೇ ಹೋಗ್ಬಹುದು.

ಪ್ಯಾಡ್ ಮಾಡೋದು ಹೀಗೆ. 12 ಎಂಎಂ ಮರೈನ್ ಪ್ಲೈ, 10 ಸೆಂಟಿಮೀಟರ್ ಅಗಲ 15 ಉದ್ದ. ಮೂಲೆ ನಾಲ್ಕನ್ನೂ ಗುಂಡಗೆ ಮಾಡಿ, ಅಂಚು ಇಳಿಜಾರು ಮಾಡಿ, ಚೂಪು ಮೂಲೆ ಇದ್ದಲ್ಲಿಂದಲೇ ಏಳ್ಲಿಕ್ಕೆ ಶುರು ಆಗೋದು. ಬೋಲ್ಟ್ ಎಲ್ಲಿ ಬೇಕೋ ಅಲ್ಲಿ ಪ್ಯಾಡ್‌ಗೆ ಮೊದ್ಲೇ ತೂತು ಹಾಕಿ, ಅಡಿಯಿಂದ ಬೋಲ್ಟ್‌ನ ತಲೆ ಮುಳುಗುವಷ್ಟು ಗುಳಿ ತೆಗೆದು, ಬೋಲ್ಟನ್ನು ಕೆಳಗಿನಿಂದ ಮೇಲಕ್ಕೆ ತೂರಿಸಿ ಎಪಾಕ್ಸಿಯಲ್ಲಿ ಹೂತು ಬಿಡಿ. ಪ್ಯಾಡ್ ಅಂಟಿಸಿದ ಮೇಲೆ ಸ್ಕ್ರೂ ಹಾಕ್ತೇನೆ ಅಂತ ಹೋದ್ರೆ ಒಂದಲ್ಲ ಒಂದು ದಿನ ಉದ್ದ ಸ್ಕ್ರೂ ಪ್ಯಾಡ್ ದಾಟಿ ದೋಣಿ ತಳಕ್ಕೇ ಇಳೀತದೆ. ಪ್ಯಾಡ್ ಮೇಲೆ ಬಂದ ಬೋಲ್ಟ್‌ನ ಮರೆಗೆ, ಅಂದ್ರೆ ನಟ್ ತಿರುಗುವ ಸುತ್ತುಗಳಿಗೆ, ಮೇಣದಬತ್ತಿ ಉಜ್ಜಿ ಟೇಪ್ ಸುತ್ತಿ, ಇಲ್ಲಾಂದ್ರೆ ಎಪಾಕ್ಸಿ ಹತ್ತಿ ನಟ್ ತಿರುಗೋದಿಲ್ಲ. ಪ್ಲೈ ಪೂರ್ತಿಗೆ, ತೂತಿನ ಒಳಮೈಗೂ, ಎರಡು ಕೋಟ್ ತೆಳು ಎಪಾಕ್ಸಿ.

ಎಪಾಕ್ಸಿ ಅಳತೆ ಡಬ್ಬದಲ್ಲಿ ಹೇಳಿದ ಹಾಗೇ ಆಗ್ಬೇಕು. ನಮ್ಮಲ್ಲಿ ತುಂಬ ಸಿಗುವ ಎಲ್‌ವೈ 556 ರೆಸಿನ್‌ಗೆ ಎಚ್‌ವೈ 951 ಹಾರ್ಡನರ್ ತೂಕದಲ್ಲಿ 10ಕ್ಕೆ 1, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಬೇಗ ಗಟ್ಟಿ ಆಗ್ಲಿ ಅಂತ ಹಾರ್ಡನರ್ ಜಾಸ್ತಿ ಹಾಕಿದ್ರೆ ಗಟ್ಟಿ ಆಗೋದಿಲ್ಲ, ಬಲ ಕಮ್ಮಿ ಆಗ್ತದೆ. ಪ್ಯಾಡ್ ಅಂಟಿಸುವ ಮಿಶ್ರಣಕ್ಕೆ ಫೈಬರ್ ಅಂಗಡಿಯಲ್ಲಿ ಸಿಗುವ, ಮಿಶ್ರಣ ಮಂದ ಮಾಡುವ ಏರೋಸಿಲ್ ಪುಡಿ ಸೇರಿಸಿ ಉದ್ದಿನ ವಡೆ ಹಿಟ್ಟಿನ ಹದಕ್ಕೆ ತನ್ನಿ, ಚಮಚ ತಲೆಕೆಳಗೆ ಮಾಡಿದ್ರೂ ಬೀಳ್ಬಾರ್ದು, ಅಷ್ಟು. ಆ ಪುಡಿ ಗಾಳಿಗೆ ಹಾರ್ತದೆ, ಮಾಸ್ಕ್ ಹಾಕ್ಕೊಂಡೇ ಕಲಸಿ. ದೋಣಿ ಮೈಗೆ ತೆಳು ಎಪಾಕ್ಸಿ ಒಂದು ಕೈ ಬಳಿದು, ಪ್ಯಾಡ್‌ಗೆ ಈ ಹಿಟ್ಟು ಹಚ್ಚಿ, ಸಣ್ಣಗೆ ತಿರುಗಿಸ್ತಾ ಒತ್ತಿ, ಸುತ್ತಲೂ ಹಿಟ್ಟು ಹೊರಗೆ ಬರ್ಬೇಕು, ಅದನ್ನೇ ಗ್ಲೌಸ್ ಹಾಕಿದ ಹೆಬ್ಬೆರಳಲ್ಲಿ ಸುತ್ತ ಎಳೆದು ಮೂಲೆ ತುಂಬಿ. ಅದರ ಮೇಲೆ ಎರಡು ಪದರ ಗ್ಲಾಸ್ ಬಟ್ಟೆ, ಪ್ಯಾಡ್ ದಾಟಿ ಸುತ್ತಲೂ ನಾಲ್ಕೈದು ಸೆಂಟಿಮೀಟರ್ ದೋಣಿ ಮೇಲೆ ಬರುವ ಹಾಗೆ, ಎಪಾಕ್ಸಿಯಲ್ಲಿ ನೆನೆಸಿ ಬ್ರಶ್‌ನಲ್ಲಿ ಕುಟ್ಟಿ ಗಾಳಿ ತೆಗೀರಿ. ಬಟ್ಟೆ ಬಿಳಿ ಕಂಡಲ್ಲಿ ರೆಸಿನ್ ತಲುಪಿಲ್ಲ ಅಂತ ಅರ್ಥ, ನೆನೆದ್ರೆ ಗಾಜಿನ ಹಾಗೆ ಕಾಣದೇ ಹೋಗ್ತದೆ. ಪಕ್ಕದ ಗೋಡೆಗೆ ಅಂಟಿಸಿದ ಪ್ಯಾಡ್ ಮೆಲ್ಲ ಮೆಲ್ಲ ಕೆಳಗೆ ಜಾರ್ತದೆ, ನೀವು ಚಾ ಕುಡಿದು ಬರುವಷ್ಟರಲ್ಲಿ ಎರಡು ಇಂಚು ಹೋಗಿರ್ತದೆ, ಅದಕ್ಕೆ ಒಂದು ಬಿದಿರಿನ ಕೋಲನ್ನು ಆಚೆ ಗೋಡೆಯಿಂದ ಅಡ್ಡ ಕೊಟ್ಟು ಹದವಾಗಿ ಸಿಕ್ಕಿಸಿ, ಮಧ್ಯೆ ಪ್ಲಾಸ್ಟಿಕ್ ಹಾಳೆ ಇಡಿ. ಕ್ಲಾಂಪ್ ಹಾಕಿ ಜೋರು ಬಿಗಿದ್ರೆ ಎಪಾಕ್ಸಿ ಪೂರ್ತಿ ಹಿಂಡಿ ಹೊರಗೆ ಬಂದು ಮಧ್ಯೆ ಒಣ ಉಳೀತದೆ. ಗಟ್ಟಿಯಾದ ಮೇಲೆ ಪೇಂಟ್ ಹಚ್ಚಲೇ ಬೇಕು, ಎಪಾಕ್ಸಿಗೆ ಬಿಸಿಲು ಆಗೋದಿಲ್ಲ.

ಯಾವಾಗ ಮಾಡ್ಬೇಕು ಅಂದ್ರೆ ನಮ್ಮ ಕರಾವಳಿಯಲ್ಲಿ ಡಿಸೆಂಬರ್‌ನಿಂದ ಫೆಬ್ರವರಿ, ಬೆಳಿಗ್ಗೆ ಇಬ್ಬನಿ ಆರಿದ ಮೇಲೆ, ನೆರಳಲ್ಲಿ. ಜೂನ್, ಜುಲೈ ದೋಣಿ ಮೇಲೆ ಎಳೆದಿಟ್ಟಿರ್ತದೆ, ಪುರುಸೊತ್ತೂ ಇರ್ತದೆ, ಹಾಗಾಗಿ ಆಗ ಮಾಡುವ ಮನಸ್ಸಾಗೋದು ಸಹಜ, ಆದ್ರೆ ಆ ಗಾಳಿಯ ತೇವಕ್ಕೆ ಎಪಾಕ್ಸಿ ಮೇಲೆ ಎಣ್ಣೆ ಥರ ಜಿಡ್ಡು ಕಟ್ತದೆ, ಮುಂದಿನ ಕೋಟ್ ಹಿಡಿಯೋದಿಲ್ಲ. ಕಟ್ಟಿದ್ರೆ ನೀರು ಹಾಕಿ ಉಜ್ಜಿ ತೊಳೆದು ಒಣಗಿಸಿ ಮುಂದುವರೀಬೇಕು. ಏಪ್ರಿಲ್ ಬಿಸಿಲಲ್ಲಿ ಅದರ ಉಲ್ಟಾ, ಡಬ್ಬದಲ್ಲೇ ಹೊಗೆ ಬಂದು ಗಟ್ಟಿ ಆಗ್ತದೆ, ಸ್ವಲ್ಪ ಸ್ವಲ್ಪವೇ ಕಲಸಿ.

ಫಿಶ್ ಫೈಂಡರ್‌ನ ಟ್ರಾನ್ಸ್‌ಡ್ಯೂಸರ್, ಅಂದ್ರೆ ಶಬ್ದದ ಅಲೆ ಬಿಟ್ಟು ವಾಪಸ್ ಹಿಡಿಯುವ ಭಾಗದ, ವಿಷಯ ಬೇರೆ, ಅದಕ್ಕೆ ಪ್ಯಾಡೂ ಬೇಡ, ದೋಣಿ ಒಳಗೆ ತಳಕ್ಕೇ ಅಂಟಿಸ್ಬಹುದು, ಶಬ್ದದ ಅಲೆ ಗಟ್ಟಿ ಫೈಬರ್ ದಾಟಿ ಕೆಳಗೆ ಹೋಗಿ ವಾಪಸ್ ಬರ್ತದೆ. ಫೋಮ್, ಪ್ಲೈ ಅಥವಾ ಗಾಳಿ ಮಧ್ಯೆ ಇದ್ರೆ ದಾಟೋದಿಲ್ಲ. ನಿಮ್ಮ ತಳ ಹೇಗುಂಟು ಅಂತ ತಿಳೀಲಿಕ್ಕೆ ಒಂದು ಸುಲಭ ಪರೀಕ್ಷೆ. ಜಿಪ್ ಕವರ್‌ಗೆ ನೀರು ತುಂಬಿ ತಳದ ಮೇಲೆ ಸ್ವಲ್ಪ ನೀರು ಚೆಲ್ಲಿ ಅದರ ಮೇಲೆ ಇಡಿ, ಟ್ರಾನ್ಸ್‌ಡ್ಯೂಸರನ್ನು ಕವರ್ ಒಳಗಿನ ನೀರಲ್ಲಿ ಮುಳುಗಿಸಿ ಆಳ ನೋಡಿ, ಆಮೇಲೆ ಅದನ್ನೇ ದೋಣಿ ಹೊರಗೆ ನೀರಲ್ಲಿ ಹಿಡಿದು ನೋಡಿ. ಎರಡೂ ಹೆಚ್ಚು ಕಡಿಮೆ ಒಂದೇ ಬಂದ್ರೆ ಜಾಗ ಸಿಕ್ತು. ಹಿಂಬದಿ ಹತ್ರ, ಓಡುವಾಗ್ಲೂ ತಳ ನೀರಲ್ಲೇ ಇರುವ ಕಡೆ ನೋಡ್ಕೊಳ್ಳಿ. ಪಿವಿಸಿ ಪೈಪ್‌ನ ಒಂದು ಬಳೆ ಕತ್ತರಿಸಿ ತಳಕ್ಕೆ ಅಂಟಿಸಿ, ಅದರೊಳಗೆ ಪುಡಿ ಸೇರಿಸದ ಎಪಾಕ್ಸಿ ನಿಧಾನ ಹೊಯ್ದು, ಟ್ರಾನ್ಸ್‌ಡ್ಯೂಸರನ್ನು ಓರೆಯಾಗಿ ಇಳಿಸಿ ತಿರುಗಿಸ್ತಾ ಕೂರಿಸಿ. ಒಂದು ಗಾಳಿಗುಳ್ಳೆ ಅಡಿಯಲ್ಲಿ ಉಳಿದ್ರೂ ಸ್ಕ್ರೀನ್ ಖಾಲಿ. ಎಪಾಕ್ಸಿ ದಪ್ಪ ಹೊಯ್ದ್ರೆ ತನ್ನ ಬಿಸಿಗೆ ತಾನೇ ಕುದಿದು ಗುಳ್ಳೆ ಬರ್ತದೆ, ತೆಳು ಪದರ ಸಾಕು. ಹೀಗೆ ಮಾಡಿದ್ರೆ ನೀರಿನ ಉಷ್ಣತೆ ಸರಿ ತೋರಿಸೋದಿಲ್ಲ, ಆಳದ ಶಕ್ತಿ ಸ್ವಲ್ಪ ಕಮ್ಮಿ ಆಗ್ತದೆ, ನಮ್ಮ ಹೊಳೆಯಲ್ಲಿ ಅದು ಲೆಕ್ಕಕ್ಕಿಲ್ಲ. ದೋಣಿಯ ಪಕ್ಕಕ್ಕೂ ನೋಡುವ ಸೈಡ್ ಸ್ಕ್ಯಾನ್ ಇರುವ ಮಾಡೆಲ್ ಆದ್ರೆ ಇದು ಆಗೋದಿಲ್ಲ, ಅದನ್ನು ಅಡ್ಡ ಹಲಗೆಯಿಂದ ಒಂದು ಪೈಪ್ ಇಳಿಸಿ ನೀರಲ್ಲೇ ಹಿಡೀಬೇಕು.

ಹಗುರದ ಸಾಮಾನಿಗೆ ಎರಡೂ ಬದಿ ಅಂಟುವ 3ಎಂ ವಿಎಚ್‌ಬಿ ಟೇಪ್ ಒಳ್ಳೇದು, ಸ್ಟೇಷನರಿ ಅಂಗಡಿಯ ಬಿಳಿ ಫೋಮ್ ಟೇಪ್ ಅಲ್ಲ. ಒಂದು ಕೆಜಿಗೆ 55 ಚದರ ಸೆಂಟಿಮೀಟರ್ ಟೇಪ್ ಅನ್ನೋದು ಅಲುಗಾಡದೆ ನಿಂತ ಭಾರದ ಲೆಕ್ಕ, ದೋಣಿಯಲ್ಲಿ ಅದರ ದುಪ್ಪಟ್ಟು ಹಾಕಿ. ಜೋರು ಒತ್ತಿ, 72 ಗಂಟೆ ಭಾರ ಹಾಕ್ಬೇಡಿ, ಪೂರ್ತಿ ಹಿಡಿತ ಬರ್ಲಿಕ್ಕೆ ಅಷ್ಟು ಬೇಕು. ಅಡುಗೆಮನೆಯ ಬಿಳಿ ಪ್ಲಾಸ್ಟಿಕ್ ಕಟಿಂಗ್ ಬೋರ್ಡ್ ಚಂದ ಉಂಟು ಅಂತ ಅದನ್ನು ಅಂಟಿಸ್ಲಿಕ್ಕೆ ಹೋಗ್ಬೇಡಿ, ಅದು ಪಾಲಿಥೀನ್ ಜಾತಿ, ಎಪಾಕ್ಸಿ, ಪಿಯು ಎರಡೂ ಅದರಿಂದ ಉಗುರಲ್ಲಿ ಎದ್ದು ಬರ್ತದೆ. ಅಡ್ಡ ಹಲಗೆಗೆ ಸ್ಕ್ರೂ ಮಾಡ್ಲಿಕ್ಕೆ ಮಾತ್ರ ಬಳಸಿ. ಮತ್ತೆ ಯಾವ್ದೇ ವಿಧಾನ ಆಗ್ಲಿ, ಫೋನ್, ಸ್ಕ್ರೀನ್, ರಾಡ್ ಎಲ್ಲಕ್ಕೂ ಒಂದು ಸಣ್ಣ ಹಗ್ಗ ಕಟ್ಟಿಯೇ ಇಡಿ.

ಲಂಗರಿಗೆ ಮಾತ್ರ ಅಂಟಿಸಿದ ಕೊಂಡಿ ಯಾವತ್ತೂ ಬೇಡ. ಇಳಿತದ ಹೊತ್ತಿಗೆ ಗಂಗೊಳ್ಳಿ ಅಳಿವೆ ಕಡೆ ನೀರು ಎಳೆಯುವ ಜೋರು ನೋಡಿದವರಿಗೆ ಗೊತ್ತು. ಲಂಗರು ಹಗ್ಗ ಮೂತಿಯ ಕೊಂಡಿಗೇ ಕಟ್ಬೇಕು, ಅದಿಲ್ಲದಿದ್ರೆ ಮುಂದಿನ ಸೀಟ್ ಹಲಗೆಗೆ ಪೂರ್ತಿ ಸುತ್ತು ಹಾಕಿ ಮೂತಿಯ ಮೇಲಿಂದ ಬಿಡಿ. ಪಕ್ಕದಲ್ಲಿ, ಹಿಂದೆ ಕಟ್ಟಿದ್ರೆ ದೋಣಿ ಅಡ್ಡ ತಿರುಗಿ ನೀರು ತುಂಬ್ಕೊಳ್ತದೆ.

ಪ್ಯಾಡ್ ಅಂಟಿಸಿ ಒಂದು ವಾರ ಬಿಟ್ಟು ಮೀನು ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಬೋಲ್ಟ್‌ಗೆ ಸಿಕ್ಕಿಸಿ, ಅದಕ್ಕೆ ಬೀಳುವ ಭಾರದ ಮೂರು ಪಟ್ಟು ಎಳೆದು ನೋಡಿ, ಬಿಡೋದಾದ್ರೆ ದಡದಲ್ಲೇ ಬಿಡ್ಲಿ. ಆಮೇಲೆ ಮೊದಲ ನಾಲ್ಕೈದು ಸಲ ಹೋಗಿ ಬಂದಾಗ ಒಂದು ರೂಪಾಯಿ ನಾಣ್ಯದಲ್ಲಿ ಪ್ಯಾಡ್ ಸುತ್ತ ತಟ್ಟಿ, ಎಲ್ಲ ಕಡೆ ಟಕ್ ಟಕ್ ಅಂತ ಒಂದೇ ಸದ್ದು ಬರ್ಬೇಕು, ಎಲ್ಲಾದ್ರೂ ಮಂಕಾಗಿ ಡಬ್ ಅಂದ್ರೆ ಅಥವಾ ಅಂಚಲ್ಲಿ ಕೂದಲಿನಷ್ಟು ಬಿಳಿ ಗೆರೆ ಕಂಡ್ರೆ ಅಲ್ಲಿ ಏಳ್ಲಿಕ್ಕೆ ಶುರು ಆಗಿದೆ. ಆ ಅಂಚನ್ನು ಉಜ್ಜಿ, ಒಣಗಿಸಿ, ಹೊಸ ಗ್ಲಾಸ್ ಪಟ್ಟಿ ಒಂದು ಹಾಕಿದ್ರೆ ಉಳೀತದೆ, ಗೆರೆ ಸುತ್ತ ಹರಡಿದ್ದರೆ ಪೂರ್ತಿ ತೆಗೆದು ಮೊದಲಿಂದ ಮಾಡಿ.